ಒಂಬತ್ತು ವರ್ಷದ ಟೈರು, ಆರು ಮಿಲಿಮೀಟರ್ ಟ್ರೆಡ್ಡು

ಎಂಜಿನ್ ಸೀಟಿನ ಹಿಂದೆ ಕೂತಿರುವ ಎರಡು ಸೀಟಿನ ಕಾರು. ಈಗಿನ ಟೈರ್‌ಗಳ ಮೇಲೆ ಓಡಿದ್ದು ಬರೀ 11 ಸಾವಿರ ಕಿ.ಮೀ. ಗೇಜ್ ಇಟ್ಟು ನೋಡಿದರೆ ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಅಚ್ಚಿನ ಆಳ, ಮುಂದೆ 5.9 ಮಿ.ಮೀ., ಹಿಂದೆ 4.8. ಸವೆತದ ಗುರುತು ಮಟ್ಟಕ್ಕೆ ಬರುವುದು 1.6 ಮಿ.ಮೀ.ನಲ್ಲಿ. ಆ ಲೆಕ್ಕದಲ್ಲಿ ಇನ್ನೂ ಎಷ್ಟೋ ವರ್ಷ ಓಡಬೇಕು. ಆದರೂ ನಾಲ್ಕನ್ನೂ ಬಿಚ್ಚಿ ಹಾಕಿದೆ.

ಮೊದಲು ನೋಡಿದ್ದು ಟೈರ್ ತಯಾರಾದ ತಾರೀಖು. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಆಮೇಲಿನೆರಡು ವರ್ಷ. 0915 ಎಂದರೆ 2015ರ ಒಂಬತ್ತನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಪ್ರದರ್ಶನಕ್ಕಿಡಬಹುದು, ಓಡಿಸುವಂತಿಲ್ಲ. ಎಷ್ಟೋ ಟೈರ್‌ಗಳಲ್ಲಿ ತಾರೀಖು ಸಹಿತ ಪೂರ್ತಿ ಕೋಡ್ ಇರುವುದು ಒಂದೇ ಪಕ್ಕದಲ್ಲಿ, ಅದೂ ಕೆಲವೊಮ್ಮೆ ನಮಗೆ ಕಾಣದ ಒಳಪಕ್ಕದಲ್ಲಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನವನ್ನು ಓದಿದೆ. ಹಿಂದಿನವಕ್ಕೆ ಕಾರಿನಡಿ ಫೋನ್ ಚಾಚಿ ಫೋಟೊ ತೆಗೆಯಬೇಕಾಯಿತು. ಮುಂದೆ 0915, ಹಿಂದೆ 3117. ನಾನು ಕೈಹಾಕಿದಾಗ ಮುಂದಿನವಕ್ಕೆ ಒಂಬತ್ತು ವರ್ಷ, ಹಿಂದಿನವಕ್ಕೆ ಏಳು.

ನಿಲ್ಲಿಸಿಟ್ಟ ಕಾರಿನ ಟೈರ್ ಹಾಳಾಗುವುದು ಹೇಗೆ? ರಬ್ಬರ್‌ನಲ್ಲಿರುವ ಗಂಧಕ ಕಾರ್ಖಾನೆ ಬಿಟ್ಟ ಮೇಲೂ ಮೆಲ್ಲಗೆ ಅದರ ಅಣುಗಳ ನಡುವೆ ಕೊಂಡಿ ಹಾಕುತ್ತಲೇ ಇರುತ್ತದೆ. ಆಮ್ಲಜನಕ ಹೊರಗಿನಿಂದ ಬರುತ್ತದೆ, ಜತೆಗೆ ತುಂಬಿದ ಗಾಳಿಯ ಒತ್ತಡಕ್ಕೆ ಒಳಗಿನಿಂದಲೂ ಸೇರಿ ಟ್ರೆಡ್ ಅಡಿಯಲ್ಲಿರುವ ಉಕ್ಕಿನ ಬೆಲ್ಟ್‌ಗಳ ಅಂಚಿನ ರಬ್ಬರನ್ನು ಗಡುಸು ಮಾಡುತ್ತದೆ. ಶಾಖ ಹೆಚ್ಚಿದಷ್ಟೂ ಇದು ಚುರುಕು. 10 ಡಿಗ್ರಿ ಏರಿದರೆ ವೇಗ ಹೆಚ್ಚುಕಮ್ಮಿ ಇಮ್ಮಡಿ ಎಂಬುದು ಅಂದಾಜಿನ ಲೆಕ್ಕ. ಹೊರಮೈಗೆ ಬಿರುಕು ತರುವುದು ಓಝೋನ್. ಅದನ್ನು ತಡೆಯಲು ರಬ್ಬರ್‌ನಲ್ಲಿ ಮೇಣ ಮತ್ತು ರಕ್ಷಕ ರಾಸಾಯನಿಕ ಬೆರೆಸಿರುತ್ತಾರೆ. ಟೈರ್ ಉರುಳಿ ಬಾಗಿ ಬಳುಕಿದಾಗಲೇ ಅವು ಮೇಲ್ಮೈಗೆ ಚೆನ್ನಾಗಿ ಬರುವುದು. ನಿಂತೇ ಇರುವ ಕಾರಿನಲ್ಲಿ ಆ ಪದರ ತೆಳುವಾಗುತ್ತದೆ. ದಿನಾ ಓಡುವ ಟೈರ್ ಮುಪ್ಪಾಗುವ ಮೊದಲೇ ಸವೆದುಹೋಗುವುದರಿಂದ ಈ ತಾಪತ್ರಯ ಅದರ ಮಾಲೀಕನಿಗೆ ಗೊತ್ತೇ ಆಗುವುದಿಲ್ಲ.

ಸೈಡ್‌ವಾಲ್ ಮೇಲೆ ಕಾಣುವ ಕಂದು ಬಣ್ಣ ಕೊಳೆಯಲ್ಲ, ಇದೇ ರಕ್ಷಕ. ಅದನ್ನು ತಿಕ್ಕಿ ತೆಗೆದು, ಮೇಲೆ ಪೆಟ್ರೋಲಿಯಂ ದ್ರಾವಕದ ಹೊಳಪು ಬಳಿಯುವುದಕ್ಕಿಂತ ಏನೂ ಮಾಡದಿರುವುದು ವಾಸಿ. ನೀರು, ಮೆದು ಸೋಪು ಸಾಕು.

ಬಿರುಕು ಹುಡುಕಲು ಚಕ್ರ ಬಿಚ್ಚಲೇಬೇಕು. ನಿಂತ ಟೈರ್‌ನಲ್ಲಿ ಹೆಚ್ಚಿನವು ಮುಚ್ಚಿಕೊಂಡಿರುತ್ತವೆ. ಟ್ರೆಡ್ ತೋಡುಗಳ ತಳ, ರಿಮ್‌ಗೆ ತಾಗುವ ಅಂಚು, ಅಕ್ಷರಗಳ ಸುತ್ತ: ಟಾರ್ಚನ್ನು ಓರೆಯಾಗಿ ಹಿಡಿದು ಈ ಮೂರು ಕಡೆ ನೋಡಿದೆ. ಮುಂದಿನ ಎರಡರಲ್ಲೂ ತೋಡಿನ ತಳದಲ್ಲಿ ಕೂದಲೆಳೆಯಂಥ ಸಾಲು ಸಾಲು ಬಿರುಕು. ಹಿಂದಿನವು ನೋಡಲು ಹೊಚ್ಚ ಹೊಸವು. ಹಾಗಂತ ನಂಬುವಂತಿಲ್ಲ, ಬೆಲ್ಟ್ ಬಿಡುವುದು ಒಳಗಿನಿಂದ, ಕಣ್ಣಿಗೆ ಬೀಳುವ ಹೊತ್ತಿಗೆ ಉಬ್ಬು ಬಂದಿರುತ್ತದೆ, ಇಲ್ಲವೇ ವೇಗದಲ್ಲಿ ನಡುಕ.

ಗಡಸುತನ ಅಳೆಯಲು ಶೋರ್ ಎ ಡ್ಯೂರೋಮೀಟರ್ ಬಳಸಿದೆ, ಅದರ ಅಂಕಿ ಹೆಚ್ಚಿದಷ್ಟೂ ರಬ್ಬರ್ ಗಡುಸು. ಕಾರು ನೆರಳಲ್ಲಿ ರಾತ್ರಿಯಿಡೀ ನಿಂತಿರಬೇಕು, ಬಿಸಿ ರಬ್ಬರ್ ಸುಳ್ಳು ಹೇಳುತ್ತದೆ. ಉಪಕರಣವನ್ನು ಟ್ರೆಡ್ ಬ್ಲಾಕಿನ ನಡುವೆ ನೇರವಾಗಿ ಒತ್ತಿ ಒಂದು ಸೆಕೆಂಡಿಗೆ ಓದಿ. ಅಂಚಿನಲ್ಲಿ ಒತ್ತಿದರೆ ಕಡಿಮೆ ತೋರುತ್ತದೆ. ಒಂದು ಟೈರ್‌ಗೆ ಐದು ಜಾಗ, ಅದರಲ್ಲಿ ನಡುವಿನ ಅಂಕಿ. 25 ಡಿಗ್ರಿಯಲ್ಲಿ ಮುಂದೆ 78, ಹಿಂದೆ 74. ಅದೇ ಮಾದರಿಯ ಹೊಸದನ್ನು ಆಮೇಲೆ ಅಳೆದಾಗ 65. ಅಗ್ಗದ ಉಪಕರಣಗಳು ಒಂದಕ್ಕೊಂದು ಹೊಂದುವುದಿಲ್ಲ. ಹಳೆಯದು, ಹೊಸದು ಎರಡನ್ನೂ ಒಂದೇ ಉಪಕರಣದಲ್ಲಿ ಅಳೆದು ವ್ಯತ್ಯಾಸ ನೋಡಿ.

ಬಿರುಕಿದ್ದುದು ಮುಂದೆ ಮಾತ್ರ, ಆದ್ದರಿಂದ ಆ ಎರಡನ್ನೇ ಬದಲಿಸೋಣ ಎನಿಸುವುದು ಸಹಜ. ಇಂಥ ಕಾರಿನಲ್ಲಿ ಅದೇ ಅಪಾಯ. ನಾಲ್ಕೂ ಗಡುಸಾಗಿದ್ದು ಮುಂದಿನವು ಇನ್ನೂ ಗಡುಸಾಗಿದ್ದಾಗ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ಎತ್ತಿದರೆ ಸರಿಹೋಗುತ್ತದೆ. ಮುಂದೆ ಹೊಸದು ಹಾಕಿದರೆ ಮೂತಿ ಥಟ್ಟನೆ ತಿರುಗುತ್ತದೆ, ಹೆಚ್ಚಿನ ಭಾರ ಹೊತ್ತ ಹಿಂಭಾಗ 74ರ ರಬ್ಬರ್ ಮೇಲೆ ಉಳಿದಿರುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಬಾಲ ಮುಂದೆ ಬರುತ್ತದೆ.

ವಯಸ್ಸಿನ ಮಿತಿಗೆ ಹಲವು ಕಾರು ತಯಾರಕರು ಹೇಳುವುದು ಆರು ವರ್ಷ. ಮಿಶೆಲಿನ್ ಹೇಳುವುದು ಐದು ವರ್ಷದ ನಂತರ ಪ್ರತಿವರ್ಷ ತಪಾಸಣೆ, ಹತ್ತಕ್ಕೆ ಬದಲಾವಣೆ. ಬ್ರಿಟನ್ 2021ರ ಫೆಬ್ರುವರಿಯಿಂದ ಹತ್ತು ವರ್ಷ ದಾಟಿದ ಟೈರನ್ನು ಲಾರಿ, ಬಸ್ಸುಗಳ ಮುಂದಿನ ಆಕ್ಸಲ್‌ನಲ್ಲಿ ನಿಷೇಧಿಸಿತು. 2013ರಲ್ಲಿ ನಟ ಪಾಲ್ ವಾಕರ್ ಸತ್ತ ಪೋರ್ಶೆ ಕರೆರಾ ಜಿಟಿ ಅಪಘಾತಕ್ಕೆ ತನಿಖೆ ಕೊಟ್ಟ ಮುಖ್ಯ ಕಾರಣ ವೇಗ. ಜೊತೆಗೆ ಒಂಬತ್ತು ವರ್ಷದ ಟೈರ್‌ಗಳ ಮಾತೂ ವರದಿಯಲ್ಲಿತ್ತು. ಮೆತ್ತನೆ ರಬ್ಬರ್‌ನ ಬೇಸಿಗೆ ಟೈರ್‌ಗೆ ನನ್ನ ಗೆರೆ ಆರು ವರ್ಷ. ಬಿಸಿಲಲ್ಲಿ ನಿಲ್ಲುವ ಕಾರಿಗೆ ಐದು.

ಹೊಸದು ಕೊಳ್ಳುವಾಗ ದುಡ್ಡು ಕೊಡುವ ಮುನ್ನ ನಾಲ್ಕರ ತಾರೀಖನ್ನೂ ಕೇಳಿ. ನನಗೆ ಬಂದ ಹಿಂದಿನ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ 20 ತಿಂಗಳು ಹಳೆಯದಿತ್ತು, ವಾಪಸು ಕಳಿಸಿದೆ. ನಾನು ಎಡವಿದ್ದು ವಾಲ್ವ್‌ನಲ್ಲಿ. ಒತ್ತಡದ ಸೆನ್ಸರ್ ಇರುವ ಲೋಹದ ವಾಲ್ವ್‌ನ ಬುಡದ ರಬ್ಬರ್ ರಿಂಗ್ ಹಳೆಯದೇ ಉಳಿಯಿತು. ಗಾಳಿಯ ಒತ್ತಡ ವಾರಕ್ಕೆ 4 ಪಿಎಸ್‌ಐ ಇಳಿಯತೊಡಗಿತು. ಸೋಪು ನೀರು ಹಾಕಿದರೆ ಬುಡದಲ್ಲೇ ಗುಳ್ಳೆ. ಅಷ್ಟು ಸಣ್ಣ ರಿಂಗಿಗಾಗಿ ಟೈರ್ ಮತ್ತೆ ಬಿಚ್ಚಬೇಕಾಯಿತು. ರಿಂಗ್, ನಟ್, ಒಳಗಿನ ಪಿನ್ನು, ಮುಚ್ಚಳ ಎಲ್ಲ ಹೊಸದಿರಲಿ. ಸೆನ್ಸರ್ ಬ್ಯಾಟರಿಗೆ 7ರಿಂದ 10 ವರ್ಷ ಆಯುಸ್ಸು, ಟೈರ್ ಬಿಚ್ಚಿದಾಗಲೇ ಸೆನ್ಸರನ್ನೂ ಬದಲಿಸಿದರೆ ಕೂಲಿ ಒಂದೇ ಸಲ. ಮೊದಲ 300 ಕಿ.ಮೀ. ಮೆತ್ತಗೆ ಓಡಿಸಿದೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುಪದರ ಸವೆಯಬೇಕು.

ತಿಂಗಳುಗಟ್ಟಲೆ ನಿಲ್ಲಿಸುವಾಗ ಗಾಳಿಯನ್ನು 44 ಪಿಎಸ್‌ಐಗೆ ಏರಿಸುತ್ತೇನೆ, ಸೈಡ್‌ವಾಲ್ ಮೇಲಿನ ಗರಿಷ್ಠ ದಾಟದಂತೆ. ತಿಂಗಳಿಗೆ 1 ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ. ಎರಡು ವಾರಕ್ಕೊಮ್ಮೆ ಕಾಲು ಸುತ್ತು ಉರುಳಿಸುವುದು ಸರಿ, 20 ಕಿ.ಮೀ. ಓಡಿಸುವುದು ಇನ್ನೂ ಒಳ್ಳೆಯದು, ಮೇಣವೂ ಮೇಲೆ ಬರುತ್ತದೆ. ತಳ ಚಪ್ಪಟೆಯಾಗಿದ್ದರೆ ಅಷ್ಟರಲ್ಲಿ ಬಿಸಿಯಾಗಿ ದುಂಡಗಾಗಬೇಕು. ಆಗದಿದ್ದರೆ ಆ ಟೈರ್ ಮುಗಿಯಿತು. ವೆಲ್ಡಿಂಗ್ ಯಂತ್ರ, ಕಿಡಿ ಹಾರುವ ವಿದ್ಯುತ್ ಮೋಟಾರ್ ಕಾರಿನ ಪಕ್ಕದಲ್ಲಿ ಬೇಡ, ಅವುಗಳಿಂದ ಓಝೋನ್ ಹುಟ್ಟುತ್ತದೆ.

ಬಿಚ್ಚಿದ ನಾಲ್ಕೂ ಟೈರ್‌ಗಳ ಸೈಡ್‌ವಾಲ್‌ಗೆ ಡ್ರಿಲ್ ಹಾಕಿ ಎರಡೆರಡು ಕಡೆ ತೂತು ಕೊರೆದೇ ಗುಜರಿಗೆ ಕೊಟ್ಟೆ. ಟ್ರೆಡ್ ನೋಡಿ ಯಾರಾದರೂ ಹಾಕಿಕೊಂಡಾರು.