ಹಗಲಿನ ಶಾಖವನ್ನು ನೆಲದಲ್ಲಿ ಕೂಡಿಟ್ಟು ಕರಿಬೇವು ಉಳಿಸಿಕೊಂಡ ಬಗೆ

ಕೊಲರಾಡೋದ ಡೆನ್ವರ್ ಸುತ್ತಮುತ್ತಲಿನ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಇಲ್ಲಿನ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಆದರೆ ಹಗಲು ಆಕಾಶ ತಿಳಿಯಾಗಿರುವುದೇ ಹೆಚ್ಚು. ಹೀಗಾಗಿ ಮುಚ್ಚಿದ ಹಸಿರುಮನೆಯಲ್ಲಿ ಜನವರಿಯ ಮಧ್ಯಾಹ್ನವೂ ಕಿಟಕಿ ತೆರೆಯಬೇಕಾದಷ್ಟು ಸೆಕೆಯಾಗುತ್ತದೆ. ಹೊರಗೆ ಬಿಟ್ಟು ಕಳೆದುಕೊಳ್ಳುವ ಆ ಶಾಖವನ್ನು ನೆಲದೊಳಗೆ ಕಳುಹಿಸಿ ರಾತ್ರಿ ಮರಳಿ ಪಡೆಯುವ ವ್ಯವಸ್ಥೆಯನ್ನು ನಾನು ಹಿತ್ತಲಿನಲ್ಲಿ ಕಟ್ಟಿಕೊಂಡಿದ್ದೇನೆ. ಕರಿಬೇವು, ವೀಳ್ಯದೆಲೆ ಮತ್ತು ದೊಡ್ಡಪತ್ರೆ ಚಳಿಗಾಲ ದಾಟಬೇಕೆಂಬುದೇ ನನ್ನ ಉದ್ದೇಶವಾಗಿತ್ತು. ಇದೇ ರಾಜ್ಯದ ಬಸಾಲ್ಟ್ ಊರಿನ ಬಳಿಯ ಬೆಟ್ಟದಲ್ಲಿ, ನಮಗಿಂತಲೂ ಎತ್ತರದ ಜಾಗದಲ್ಲಿ, ಜೆರೋಮ್ ಒಸೆಂಟೋವ್ಸ್ಕಿ ಎಂಬುವರು ಇಂಥ ವ್ಯವಸ್ಥೆಯ ನೆರವಿನಿಂದ ಅಂಜೂರ ಬೆಳೆದಿದ್ದಾರೆ. ಅವರು ಇದನ್ನು ಕ್ಲೈಮೇಟ್ ಬ್ಯಾಟರಿ ಎನ್ನುತ್ತಾರೆ.

ನನ್ನ ಹಸಿರುಮನೆ 6 ಮೀಟರ್ ಉದ್ದ, 4 ಮೀಟರ್ ಅಗಲವಿದೆ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಗ್ಯಾಸ್ ಮತ್ತು ವಿದ್ಯುತ್ ಮಾರ್ಗಗಳಿಗೆ ಗುರುತು ಹಾಕಿಸಿಕೊಂಡೆ; ಅಮೆರಿಕದಲ್ಲಿ ಇದು ಕಡ್ಡಾಯ. ಸುಮಾರು 1.2 ಮೀಟರ್ ಆಳಕ್ಕೆ ಮಣ್ಣು ತೆಗೆದು, ನೀರು ಬಸಿಯಲು ಬಳಸುವ ನಾಲ್ಕು ಇಂಚಿನ ತೂತುಗಳುಳ್ಳ ಪ್ಲಾಸ್ಟಿಕ್ ಕೊಳವೆಗಳನ್ನು ಎರಡು ಸ್ತರಗಳಲ್ಲಿ ಹಾಸಿ, ಮಣ್ಣನ್ನು ಮತ್ತೆ ತುಂಬಿ ಚೆನ್ನಾಗಿ ದಮ್ಮಸು ಮಾಡಿದೆ. ಕೊಳವೆಗಳ ಎರಡೂ ತುದಿಗಳು ಒಂದೊಂದು ದಪ್ಪ ಕೊಳವೆಗೆ ಸೇರುತ್ತವೆ. ಗಾಳಿ ಒಳಹೋಗುವ ಮೂಲೆಗೆ ಕರ್ಣರೇಖೆಯಲ್ಲಿ ಎದುರಾಗಿರುವ ಮೂಲೆಯಲ್ಲೇ ಅದು ಹೊರಬರುವಂತೆ ಮಾಡಿದ್ದರಿಂದ ಪ್ರತಿ ಕೊಳವೆಯಲ್ಲೂ ಗಾಳಿ ಸರಿಸುಮಾರು ಸಮನಾಗಿ ಹರಿಯುತ್ತದೆ. ಬಿಸಿಗಾಳಿ ಮೇಲೇರುವ ಕಾರಣ, ಫ್ಯಾನು ಅದನ್ನು ಸೂರಿನ ತುದಿಯಿಂದ ಎಳೆದು ಕೆಳಗೆ ತಳ್ಳುತ್ತದೆ.

ಈ ಕೆಲಸಕ್ಕೆ ಕೈಹಾಕುವ ಹೆಚ್ಚಿನವರು ಬಿಸಿಗಾಳಿಯ ಬಗ್ಗೆಯಷ್ಟೇ ಯೋಚಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಗಾಳಿಯಲ್ಲಿನ ತೇವವೇ ಮುಖ್ಯ. ನಮ್ಮ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ತಣಿದಾಗ ಬಿಟ್ಟುಕೊಡುವ ಶಾಖ ಸುಮಾರು ಒಂದು ಕಿಲೋಜೂಲ್ ಮಾತ್ರ. ಅಷ್ಟೇ ಗಾತ್ರದ ತೇವದ ಮಣ್ಣನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 2000 ಕಿಲೋಜೂಲ್ ಬೇಕು. ಆದರೆ ಗಿಡಗಳ ಎಲೆಗಳಿಂದ ಮತ್ತು ಪಾತಿಗಳಿಂದ ಮೇಲೆದ್ದ ಆವಿ ತಣ್ಣನೆಯ ಕೊಳವೆಯೊಳಗೆ ಹನಿಗಟ್ಟಿದಾಗ, ಒಂದು ಲೀಟರ್ ನೀರಿಗೆ ಸುಮಾರು 2400 ಕಿಲೋಜೂಲ್ ಗುಪ್ತೋಷ್ಣ, ಅಂದರೆ ನೀರು ಆವಿಯಾಗುವಾಗ ಹೀರಿಕೊಂಡಿದ್ದ ಶಾಖ, ಹೊರಬೀಳುತ್ತದೆ. ಒಣಗಾಳಿಯಿಂದಲೇ ಅಷ್ಟು ಶಾಖ ಪಡೆಯಬೇಕಾದರೆ 240 ಘನ ಮೀಟರ್ ಗಾಳಿಯನ್ನು ಹತ್ತು ಡಿಗ್ರಿ ತಣಿಸಬೇಕಾಗುತ್ತದೆ. ಆದ್ದರಿಂದಲೇ ಗಿಡಗಳು ದಟ್ಟವಾಗಿ ತುಂಬಿದ ಹಸಿರುಮನೆಯಲ್ಲಿ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ. ಹನಿಗಟ್ಟಿದ ನೀರು ತೂತುಗಳ ಮೂಲಕ ಮಣ್ಣಿಗೇ ಇಳಿಯುತ್ತದೆ. ಒಣಮಣ್ಣಿಗಿಂತ ತೇವದ ಮಣ್ಣು ಹೆಚ್ಚು ಶಾಖ ಹಿಡಿದಿಡುವುದರಿಂದ ಅದೂ ಲಾಭವೇ. ಕೊಳವೆಗಳಿಗೆ ತುಸು ಇಳಿಜಾರು ಕೊಡುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ.

ಹಣ ಉಳಿಸಲೇಬಾರದ ಜಾಗವೆಂದರೆ ತಳಪಾಯದ ಅಂಚು. ಇಲ್ಲಿ ನೆಲ ಸುಮಾರು 90 ಸೆಂಟಿಮೀಟರ್ ಆಳದವರೆಗೂ ಹೆಪ್ಪುಗಟ್ಟಬಹುದೆಂದು ಲೆಕ್ಕ ಹಿಡಿದು ತಳಪಾಯ ಹಾಕುತ್ತಾರೆ. ಹಾಗಾಗಿ ಕೂಡಿಟ್ಟ ಶಾಖ ಪಕ್ಕಕ್ಕೆ ಸೋರದಂತೆ ಸುತ್ತಲೂ 1.2 ಮೀಟರ್ ಆಳದವರೆಗೆ ಎರಡು ಇಂಚು ದಪ್ಪದ ಫೋಮ್ ಹಲಗೆಗಳನ್ನು ನಿಲ್ಲಿಸಿದ್ದೇನೆ. ಕೆಳಗಿನ ಭೂಮಿ ಹೊರಗಿನ ಚಳಿಗಾಳಿಯಷ್ಟು ತಣ್ಣಗಿರುವುದಿಲ್ಲವಾದ್ದರಿಂದ ತಳದಲ್ಲಿ ಏನನ್ನೂ ಹಾಕಿಲ್ಲ.

ಬೇಸಿಗೆಯ ಶಾಖವನ್ನೇ ಚಳಿಗಾಲಕ್ಕೆ ಉಳಿಸಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಕೆನಡಾದ ಒಕೊಟೋಕ್ಸ್ ಪಟ್ಟಣದ ಡ್ರೇಕ್ ಲ್ಯಾಂಡಿಂಗ್ ಬಡಾವಣೆಯಲ್ಲಿ 2007ರಿಂದ ಹಲವು ವರ್ಷ ಅದನ್ನು ನಿಜಕ್ಕೂ ಸಾಧಿಸಿದ್ದರು: 144 ಬೋರ್‌ಗಳಲ್ಲಿ ಬಿಸಿನೀರು ಹರಿಸಿ, ಕೂಡಿಟ್ಟ ಆ ಶಾಖದಿಂದ 52 ಮನೆಗಳನ್ನು ಬೆಚ್ಚಗಿಡುತ್ತಿದ್ದರು. ಮಣ್ಣಿನ ರಾಶಿ ದೊಡ್ಡದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಶಾಖ ಸೋರುವ ಮೇಲ್ಮೈ ಕಡಿಮೆಯಾಗುವುದರಿಂದ ಅಲ್ಲಿ ಅದು ಸಾಧ್ಯವಾಯಿತು. ನನ್ನ ಬಳಿ ಇರುವುದು 29 ಘನ ಮೀಟರ್ ಮಣ್ಣು. ಅದರ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಸುಮಾರು 16 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಸೇರಿದಂತಾಗುತ್ತದೆ. ಇದು ರಾತ್ರಿಗಳನ್ನು ಮತ್ತು ನಡುವೆ ಬರುವ ಮೋಡದ ದಿನಗಳನ್ನು ದಾಟಿಸುವ ಸಂಗ್ರಹವೇ ಹೊರತು ಋತುವನ್ನು ದಾಟಿಸುವಂಥದ್ದಲ್ಲ. ಹಿಮ ಬಿದ್ದು ಮೋಡವೂ ಕವಿದುಕೊಂಡೇ ಇರುವ ವಾರಗಳಿಗೆಂದು ಚಿಕ್ಕದೊಂದು ವಿದ್ಯುತ್ ಹೀಟರ್ ಇಟ್ಟಿದ್ದೇನೆ, ಎಲ್ಲರೂ ಇಟ್ಟುಕೊಳ್ಳಲೇಬೇಕು.

ಫ್ಯಾನಿಗೆ ಎರಡು ಥರ್ಮೋಸ್ಟಾಟ್‌ಗಳಿವೆ. ಒಳಗಿನ ಗಾಳಿ 27 ಡಿಗ್ರಿ ಮೀರಿದಾಗ ಒಂದು, 10 ಡಿಗ್ರಿಗಿಂತ ಇಳಿದಾಗ ಇನ್ನೊಂದು ಅದನ್ನು ಚಾಲೂ ಮಾಡುತ್ತದೆ. ನಡುವಿನ ಉಷ್ಣಾಂಶದಲ್ಲಿ ಫ್ಯಾನು ಸುಮ್ಮನಿರುತ್ತದೆ. ಮನೆಗೆ ಅಂಟಿಕೊಂಡಂತೆ ಇದನ್ನು ಕಟ್ಟಬಯಸುವವರು ಒಂದು ವಿಷಯವನ್ನು ಗಂಭೀರವಾಗಿ ಪರಿಗಣಿಸಬೇಕು. ಕೊಲರಾಡೋದ ನೆಲದಲ್ಲಿ ರೇಡಾನ್ ಎಂಬ, ಉಸಿರಾಟದ ಮೂಲಕ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ ಹೆಚ್ಚು, ತೂತಿನ ಕೊಳವೆಗಳು ಅದನ್ನು ಮಣ್ಣಿನಿಂದ ಒಳಗೆ ಎಳೆದು ತರಬಲ್ಲವು. ಅದಕ್ಕಾಗಿಯೇ ನನ್ನ ಹಸಿರುಮನೆಯನ್ನು ಮನೆಯಿಂದ ದೂರವಿಟ್ಟಿದ್ದೇನೆ ಮತ್ತು ಬೆಳಗ್ಗೆ ಒಳಗೆ ಹೋಗಿ ಕೆಲಸಕ್ಕೆ ಕೂರುವ ಮುನ್ನ ಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಡುತ್ತೇನೆ.