ಹಿಮ ಬಿದ್ದ ದಿನ ವಿಮಾನವನ್ನು ರನ್‌ವೇವರೆಗೆ ನಡೆಸುವುದು ಹೇಗೆ?

ಗೇಟ್ ಬಿಟ್ಟ ವಿಮಾನ ತನ್ನದೇ ಎಂಜಿನ್ ಬಲದಲ್ಲಿ ರನ್‌ವೇಯತ್ತ ಉರುಳುವುದನ್ನು ಟ್ಯಾಕ್ಸಿ ಮಾಡುವುದು ಎನ್ನುತ್ತಾರೆ. ಬಿಸಿಲಿನ ದಿನ ಇದು ದೊಡ್ಡ ವಿಷಯವಲ್ಲ. ಹಿಮ ಬಿದ್ದು ನೆಲ ಜಾರುವಾಗ, ಎದುರಿಗೆ ಏನೂ ಕಾಣದಿದ್ದಾಗ ಮಾತ್ರ ಕಥೆಯೇ ಬೇರೆ. ಹಾರಾಟ ಕಲಿಯುತ್ತಿರುವವರಿಗೂ, ಕಿಟಕಿ ಪಕ್ಕ ಕೂತು ‘ಯಾಕಿಷ್ಟು ನಿಧಾನ?’ ಎಂದು ಗೊಣಗುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಚಕ್ರ ಉರುಳುವ ಮೊದಲು

ವಿಮಾನ ನಿಂತಿರುವಾಗಲೇ ನಿಲ್ದಾಣದ ನಕ್ಷೆ ತೆರೆದಿಡಿ. ಯಾವ ಟ್ಯಾಕ್ಸಿವೇ (ಗೇಟ್‌ನಿಂದ ರನ್‌ವೇಗೆ ಹೋಗುವ ದಾರಿ) ಮುಚ್ಚಿದೆ, ಎಲ್ಲಿ ತಿರುಗಬೇಕು, ಯಾವ ರನ್‌ವೇ ದಾಟಬೇಕು ಎಂದು ಇಬ್ಬರು ಪೈಲಟ್‌ಗಳೂ ಬಾಯಿಬಿಟ್ಟು ಹೇಳಿಕೊಳ್ಳಬೇಕು. ರನ್‌ವೇ ಸ್ಥಿತಿಗೆ 6ರಿಂದ 0ವರೆಗೆ ಅಂಕ ಕೊಡುವ ಜಾಗತಿಕ ಪದ್ಧತಿ 2021ರ ನವೆಂಬರ್‌ನಲ್ಲಿ ಜಾರಿಗೆ ಬಂತು. 6 ಎಂದರೆ ಒಣ ನೆಲ. ಆದರೆ ಆ ಅಂಕ ರನ್‌ವೇಗೆ ಮಾತ್ರ. ಹಿಮ ತೆಗೆಯುವ ವಾಹನಗಳು ಸಾಮಾನ್ಯವಾಗಿ ಮೊದಲು ಹೋಗುವುದೂ ಅಲ್ಲಿಗೇ. ಹಾಗಾಗಿ ಟ್ಯಾಕ್ಸಿವೇ ಇನ್ನೂ ಕೆಟ್ಟದಾಗಿರಬಹುದು ಎಂದುಕೊಂಡೇ ಹೊರಡಿ.

ಎಂಜಿನ್‌ಗೆ ಬಿಸಿ

ಹೊರಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದು ಮಂಜು, ಮಳೆ, ಹಿಮ ಕಾಣುತ್ತಿದ್ದರೆ ಜೆಟ್ ವಿಮಾನಗಳಲ್ಲಿ ಎಂಜಿನ್ ಆಂಟಿ-ಐಸ್, ಅಂದರೆ ಐಸ್ ಕಟ್ಟದಂತೆ ಎಂಜಿನ್‌ಗೆ ಬಿಸಿ ಕೊಡುವ ವ್ಯವಸ್ಥೆ, ಹಾಕುವುದು ವಾಡಿಕೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ ಬೋಯಿಂಗ್ 737 ಇದನ್ನು ಹಾಕದೇ ಹೊರಟಿತು. ಸಂವೇದಕ ಐಸ್‌ನಿಂದ ಮುಚ್ಚಿಹೋಗಿ, ಎಂಜಿನ್ ನಿಜಕ್ಕಿಂತ ಜಾಸ್ತಿ ಬಲ ಕೊಡುತ್ತಿದೆ ಎಂದು ಮೀಟರ್ ತೋರಿಸಿತು. ರೆಕ್ಕೆಯ ಮೇಲೂ ಹಿಮವಿತ್ತು. ಮೇಲೇರಲಾಗದೆ ಅದು ಸೇತುವೆಗೆ ಬಡಿದು ನದಿಗೆ ಬಿತ್ತು. ಸತ್ತವರು 78 ಜನ.

ಅದೇ ವಿಮಾನ ಟ್ಯಾಕ್ಸಿ ಮಾಡುವಾಗ ಇನ್ನೊಂದು ತಪ್ಪೂ ನಡೆದಿತ್ತು. ಮುಂದಿನ ವಿಮಾನದ ಬಿಸಿಗಾಳಿಗೆ ಹಿಮ ಕರಗಲಿ ಎಂದು ಅದರ ಬೆನ್ನಿಗೇ ಹೋಗಿ ನಿಂತಿದ್ದರು. ಕರಗಿದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಅಲ್ವಾ? ಮುಂದಿನವರ ಎಂಜಿನ್ ಎರಚುವ ಕೆಸರುಹಿಮ ನಿಮ್ಮ ರೆಕ್ಕೆಗೂ ಅಂಟುತ್ತದೆ. ಮಾಮೂಲಿಗಿಂತ ಜಾಸ್ತಿ ಅಂತರ ಬಿಡಿ.

ತಿರುವಿಗೆ ಮೊದಲೇ ನಿಧಾನ

ಒಣ ನೆಲದಲ್ಲೂ ತಿರುವಿನಲ್ಲಿ ಸುಮಾರು 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ವೇಗ ಸಾಕು. ಜಾರುವ ನೆಲದಲ್ಲಿ ಅದಕ್ಕೂ ಕಡಿಮೆ ಇರಲಿ. ಬ್ರೇಕ್ ಹಾಕುವುದಿದ್ದರೆ ನೇರ ದಾರಿಯಲ್ಲೇ, ತಿರುವಿಗೆ ಮುಂಚೆ. ಮೂಗಿನ ಚಕ್ರ ತಿರುಗಿಸಿದರೂ ವಿಮಾನ ನೇರಕ್ಕೆ ಜಾರುತ್ತಿದ್ದರೆ ಇನ್ನಷ್ಟು ತಿರುಗಿಸಬೇಡಿ. ಸ್ವಲ್ಪ ಸಡಿಲ ಬಿಡಿ, ಚಕ್ರ ಮತ್ತೆ ನೆಲ ಹಿಡಿಯಲಿ. ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಆಂಟಿ-ಸ್ಕಿಡ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ತೀರಾ ಕಡಿಮೆ ವೇಗದಲ್ಲಿ ಅದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಇಂಧನ ಉಳಿಸಲು ಒಂದೇ ಎಂಜಿನ್‌ನಲ್ಲಿ ಸಾಗುವ ರೂಢಿಯನ್ನೂ ಅಂದು ಬಿಡುವುದೇ ಒಳ್ಳೆಯದು. ಒಂದೇ ಕಡೆಯ ಎಳೆತಕ್ಕೆ ವಿಮಾನ ಪಕ್ಕಕ್ಕೆ ಜಾರಬಹುದು.

ಕೆಸರುಹಿಮ ಇದ್ದರೆ ಅನೇಕ ವಿಮಾನಗಳಲ್ಲಿ ಫ್ಲ್ಯಾಪ್ (ಟೇಕಾಫ್, ಇಳಿಯುವಿಕೆಗೆ ಬಿಚ್ಚುವ ರೆಕ್ಕೆಯ ಹಿಂಬದಿಯ ಪಟ್ಟಿ) ಮಡಚಿಕೊಂಡೇ ಸಾಗುತ್ತಾರೆ. ಟೇಕಾಫ್‌ಗೆ ಮುಂಚೆ ಅದನ್ನು ಬಿಚ್ಚಲು ಮರೆತೀರಿ! ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಗುರುತು ಇಟ್ಟುಕೊಳ್ಳಿ.

ಎಲ್ಲಿದ್ದೀರಿ ಎಂಬುದು ಗೊತ್ತಿರಲಿ

ನನ್ನ ಪ್ರಕಾರ ಜಾರುವುದಕ್ಕಿಂತ ದಾರಿ ತಪ್ಪುವುದೇ ದೊಡ್ಡ ಅಪಾಯ. ಜಾರಿದ ವಿಮಾನ ಹೆಚ್ಚಾಗಿ ಹುಲ್ಲಿನಲ್ಲಿ ಹೂತು ನಿಲ್ಲುತ್ತದೆ. ದಾರಿ ತಪ್ಪಿದ್ದು ರನ್‌ವೇಗೇ ನುಗ್ಗಬಹುದು. 1990ರ ಡಿಸೆಂಬರ್ 3ರಂದು ಡೆಟ್ರಾಯಿಟ್‌ನಲ್ಲಿ ದಟ್ಟ ಮಂಜಿನ ನಡುವೆ ಒಂದು ಡಿಸಿ-9 ಹಾಗೆಯೇ ರನ್‌ವೇಗೆ ಹೋಗಿಬಿಟ್ಟಿತು. ಟೇಕಾಫ್‌ಗೆ ಓಡಿ ಬರುತ್ತಿದ್ದ ಬೋಯಿಂಗ್ 727 ಅದಕ್ಕೆ ಬಡಿಯಿತು. ಎಂಟು ಜನ ಸತ್ತರು.

ಹಿಮ ಬಿದ್ದಾಗ ನೆಲದ ಹಳದಿ ಗೆರೆಗಳು ಮುಚ್ಚಿಹೋಗುತ್ತವೆ. ದೀಪಗಳನ್ನು ನಂಬಿ: ಟ್ಯಾಕ್ಸಿವೇಯ ನಡುವೆ ಹಸಿರು, ಅಂಚಿಗೆ ನೀಲಿ. ರನ್‌ವೇ ಹತ್ತಿರವಾದಾಗ ಮಿನುಗುವ ಹಳದಿ ದೀಪಗಳು ಕಾಣಬಹುದು. ಅಡ್ಡಲಾಗಿ ಕೆಂಪು ದೀಪಗಳ ಸಾಲು ಉರಿಯುತ್ತಿದ್ದರೆ, ಟವರ್ ‘ಹೋಗಿ’ ಎಂದರೂ ದಾಟಬಾರದು, ಮೊದಲು ಕೇಳಿ. ಚೆಕ್‌ಲಿಸ್ಟ್ ಓದುವ ಕೆಲಸ ತಿರುವಿನಲ್ಲಿ, ರನ್‌ವೇ ದಾಟುವಾಗ ಬೇಡವೇ ಬೇಡ. ಆಗ ನಾಲ್ಕೂ ಕಣ್ಣು ಹೊರಗಿರಲಿ.

ಅನುಮಾನ ಬಂದರೆ ನಿಂತುಬಿಡಿ. ರನ್‌ವೇ ಮೇಲೇ ಇದ್ದೀರಿ ಅನಿಸಿದರೆ ಮಾತ್ರ ಅಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದು, ಆ ಕ್ಷಣವೇ ಟವರ್‌ಗೆ ತಿಳಿಸಿ. ದಾರಿ ತೋರಿಸುವ ವಾಹನ ಕೇಳುವುದರಲ್ಲಿ ನಾಚಿಕೆ ಯಾಕೆ?

ಗಡಿಯಾರದ ಮೇಲೆ ಕಣ್ಣು

ಐಸ್ ಕಟ್ಟದಂತೆ ರೆಕ್ಕೆಗೆ ಸಿಂಪಡಿಸುವ ದ್ರವಕ್ಕೆ ಒಂದು ಅವಧಿ ಇರುತ್ತದೆ. ಅದು ಕೊನೆಯ ಸಿಂಪಡಣೆ ಶುರುವಾದ ಕ್ಷಣದಿಂದ ಲೆಕ್ಕ, ಮುಗಿದಾಗಿನಿಂದ ಅಲ್ಲ. ಸರದಿಯಲ್ಲಿ ಕಾಯುತ್ತಾ ಅವಧಿ ಮೀರಿದರೆ ವಾಪಸ್ ಹೋಗಿ ಮತ್ತೆ ಸಿಂಪಡಿಸಿಕೊಳ್ಳಬೇಕಾಗಬಹುದು. ಪ್ರಯಾಣಿಕರು ಸಿಟ್ಟಾಗುತ್ತಾರೆ, ಆಗಲಿ.

ಇಳಿದ ಮೇಲೂ ಆತುರ ಬೇಡ. ವೇಗ ಪೂರ್ತಿ ಇಳಿಯದೆ ರನ್‌ವೇಯಿಂದ ತಿರುಗಬೇಡಿ. ಕೆಸರುಹಿಮದಲ್ಲಿ ಇಳಿದಿದ್ದರೆ ಫ್ಲ್ಯಾಪ್ ತಕ್ಷಣ ಮಡಚಬೇಡಿ. ಸಂದಿಯಲ್ಲಿ ಐಸ್ ಸಿಕ್ಕಿದ್ದರೆ ಫ್ಲ್ಯಾಪ್ ಮುರಿಯಬಹುದು. ನೆಲದ ಸಿಬ್ಬಂದಿ ನೋಡಿ ಸರಿ ಎಂದ ಮೇಲೆ ಮಡಚಿ. ಚಕ್ರಕ್ಕೆ ಅಡ್ಡಕಟ್ಟೆ ಇಟ್ಟಿದ್ದು ಖಾತ್ರಿಯಾಗುವವರೆಗೆ ಪಾರ್ಕಿಂಗ್ ಬ್ರೇಕ್ ಬಿಡಬೇಡಿ.