ಬರೋಡಾದಲ್ಲಿ ಕಲಾ ಇತಿಹಾಸ ಓದಿದ್ದು, ಮಲ್ಲಿತಮ್ಮನ ಬೆನ್ನು ಹತ್ತಿದ್ದು

ಕಲಾ ಇತಿಹಾಸದಲ್ಲಿ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮಾಡೋಣ ಅಂದುಕೊಂಡಿರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಏನು ಓದಬೇಕು, ಎಲ್ಲಿ ಸೇರಬೇಕು, ಕನ್ನಡ ಮೀಡಿಯಂನಿಂದ ಬಂದವರಿಗೆ ಆಗುತ್ತಾ, ಆಮೇಲೆ ಕೆಲಸ ಸಿಗುತ್ತಾ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವುದಕ್ಕಿಂತ ನಾನು ಹೇಗೆ ಓದಿದೆ, ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಬಗ್ಗೆ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಹೇಗೆ ಬರೆದೆ ಅಂತ ಒಂದೇ ಕಡೆ ಬರೆದುಬಿಡುತ್ತೇನೆ. ಈ ಓದಿನಲ್ಲಿ ಪುಸ್ತಕಕ್ಕಿಂತ ಮೊದಲು ಪಳಗಬೇಕಾದದ್ದು ಕಣ್ಣು. ಕಣ್ಣಿಗೆ ಮೀಡಿಯಂ ಯಾವುದಾದರೂ ಒಂದೇ.

ನಾನು ಅರಸೀಕೆರೆ ಕಡೆಯವಳು. ಮೈಸೂರಿನಲ್ಲಿ ಪೇಂಟಿಂಗ್‌ನಲ್ಲಿ ಬಿ.ವಿ.ಎ. ಮುಗಿಸಿದೆ. ಚಿತ್ರ ಬರೆಯುವುದಕ್ಕಿಂತ ಚಿತ್ರದ ಬಗ್ಗೆ ಕೇಳುವುದೇ ನನಗೆ ಜಾಸ್ತಿ ಇಷ್ಟ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಆಮೇಲೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಫೈನ್ ಆರ್ಟ್ಸ್ ಫ್ಯಾಕಲ್ಟಿ 1950ರಲ್ಲಿ ಶುರುವಾದದ್ದು. ಕಲಾವಿದರೂ ಕಲಾ ಇತಿಹಾಸದವರೂ ಒಂದೇ ಕ್ಯಾಂಪಸ್ಸಿನಲ್ಲಿ ಓಡಾಡುವ ಜಾಗ ಅದು. ಗುಲಾಂಮೊಹಮ್ಮದ್ ಶೇಖ್ ಅವರಂಥ ದೊಡ್ಡ ಚಿತ್ರಕಾರರು ಅಲ್ಲಿ ಕಲಾ ಇತಿಹಾಸವನ್ನೂ ಪಾಠ ಮಾಡಿದ್ದಾರೆ. ಪಕ್ಕದ ಸ್ಟುಡಿಯೋದಲ್ಲಿ ಒಬ್ಬ ಕಲ್ಲು ಕೆತ್ತುತ್ತಿರುವಾಗ ನೀವು ಶಿಲ್ಪದ ಬಗ್ಗೆ ಸುಮ್ನೆ ದೊಡ್ಡ ಮಾತು ಬರೆಯಲಾಗುವುದಿಲ್ಲ, ಅವನ ಹತ್ತಿರ ಹೋಗಿ ಚಾಣ ಎಷ್ಟು ಆಳ ಹೋಗುತ್ತದೆ ಅಂತ ಕೇಳಿಕೊಂಡು ಬಂದೇ ಬರೆಯಬೇಕು. ನನಗೆ ಅದರಿಂದ ತುಂಬಾ ಉಪಯೋಗವಾಯಿತು.

ಮೊದಲ ಸೆಮಿಸ್ಟರ್‌ನಲ್ಲಿ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. ಸಯಾಜಿ ಬಾಗ್‌ನಲ್ಲಿರುವ ಬರೋಡಾ ಮ್ಯೂಸಿಯಂಗೆ ಹೋಗಿ ಒಂದೇ ಒಂದು ವಸ್ತುವಿನ ಮುಂದೆ ಕೂತು ಎರಡು ಪುಟ ಬರೆಯಬೇಕು. ಅದು ಯಾವ ದೇವರು, ಯಾವ ಕಾಲ ಅಂತ ಹೇಳಬಾರದು. ಸುಂದರ, ಭವ್ಯ, ಶಾಂತ ಅನ್ನುವ ಪದಗಳೂ ಬರಬಾರದು. ನಾನು ಅಕೋಟಾ ಕಂಚುಗಳ ಮುಂದೆ ಕೂತೆ. ಊರಿಗೆ ಅಂಟಿಕೊಂಡೇ ಇರುವ ಅಕೋಟಾದಲ್ಲಿ ಸಿಕ್ಕ ಜೈನ ಕಂಚಿನ ಮೂರ್ತಿಗಳು ಅವು. ಅದರಲ್ಲಿ ಜೀವಂತಸ್ವಾಮಿ ಅಂತ ಒಂದು ಮೂರ್ತಿ, ಸುಮಾರು 6ನೇ ಶತಮಾನದ್ದು. ಸಂನ್ಯಾಸಕ್ಕೆ ಮೊದಲೇ, ಇನ್ನೂ ರಾಜಕುಮಾರನಾಗಿದ್ದಾಗಲೇ ಧ್ಯಾನಕ್ಕೆ ನಿಂತ ಮಹಾವೀರ. ತಲೆಗೆ ಕಿರೀಟ, ಮೈಮೇಲೆ ಒಡವೆ, ಸೊಂಟಕ್ಕೆ ವಸ್ತ್ರ. ಶ್ರವಣಬೆಳಗೊಳದ ಗೊಮ್ಮಟನನ್ನು ನೋಡುತ್ತಲೇ ಬೆಳೆದ ನನಗೆ ಜಿನಮೂರ್ತಿ ಅಂದರೆ ಮೈಮೇಲೆ ಏನೂ ಇಲ್ಲದ್ದು. ಇಲ್ಲಿ ನೋಡಿದರೆ ನಿಲುವು ಅದೇ, ಕೈ ಇಳಿಬಿಟ್ಟಿರುವುದೂ ಹಾಗೇ, ಆದರೆ ಮೇಲೆ ಇಷ್ಟೊಂದು ಅಲಂಕಾರ. ದೇವರ ಹೆಸರು ಬರೆಯಬಾರದು ಅಂದಿದ್ದರಿಂದ ನಾನು ಆ ಕಿರೀಟದ ಅಂಚು, ಬಟ್ಟೆಯ ನೆರಿಗೆ, ತೋಳಿಗೂ ಮೈಗೂ ನಡುವೆ ಬಿಟ್ಟ ಜಾಗ ಇಷ್ಟನ್ನೇ ನೋಡಬೇಕಾಯಿತು. ಹೆಸರು ಗೊತ್ತಾದ ಕೂಡಲೇ ನಾವು ನೋಡುವುದನ್ನು ನಿಲ್ಲಿಸುತ್ತೇವೆ, ಅಲ್ವಾ? ಇದನ್ನು ಯಾವ ಊರಿನಲ್ಲಿದ್ದರೂ ಮಾಡಬಹುದು. ಎಂಟ್ರೆನ್ಸ್‌ಗೆ ತಯಾರಾಗುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ.

ಎರಡನೆಯದು ಹೋಲಿಕೆ. ಎರಡು ಚಿತ್ರ ಅಕ್ಕಪಕ್ಕ ಹಾಕಿ ಪಾಠ ಮಾಡುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಸ್ವಿಸ್ ವಿದ್ವಾಂಸ ಹೈನ್ರಿಖ್ ವೋಲ್ಫ್‌ಲಿನ್ ಮುಖ್ಯರು. ಈಗಲೂ ಎಲ್ಲಾ ಕಡೆ ಅದೇ ನಡೆಯುತ್ತದೆ. ಗುಜರಾತಿನಲ್ಲಿ ಇದ್ದದ್ದರಿಂದ ನನಗೆ ಮೊಢೇರಾದ ಸೂರ್ಯ ದೇವಸ್ಥಾನ ಹತ್ತಿರವಾಯಿತು. ಅದು 1026-27ರದ್ದು, ಮರಳುಗಲ್ಲಿನದು. ಬೇಲೂರಿನದು 1117, ಬಳಪದ ಕಲ್ಲು. ಎರಡರ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಮೊದಲು ಕಾಣುವುದು ಕಲ್ಲಿನ ಗುಣ. ಬಳಪದ ಕಲ್ಲು ಕ್ವಾರಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಹೊಯ್ಸಳರ ಶಿಲ್ಪಿ ಒಂದು ಹಾರದ ಹಿಂದಕ್ಕೂ ಚಾಣ ಹಾಕಿ ಅದನ್ನು ಮೈಯಿಂದ ಬಿಡಿಸಿ ನಿಲ್ಲಿಸುತ್ತಾನೆ. ಇದು ನನ್ನ ಊರಿನ ಪಕ್ಕದಲ್ಲೇ ಇದ್ದ ವಿಷಯ. ಅಷ್ಟು ದೂರ ಹೋಗಿ ಬೇರೆ ಕಲ್ಲು ನೋಡಿದ ಮೇಲೆ ಸರಿಯಾಗಿ ಕಂಡಿತು.

ಡಿಸರ್ಟೇಶನ್‌ಗೆ ಹೊಯ್ಸಳ ಅಂದಾಗ ಒಬ್ಬರು, "ಅದರ ಮೇಲೆ ಎಲ್ಲಾ ಬರೆದಾಗಿದೆಯಲ್ಲ" ಅಂದರು. ದೇವಸ್ಥಾನದ ನಕ್ಷೆ, ಮೂರ್ತಿಗಳ ಲಕ್ಷಣ, ರಾಜರ ದಾನ ಇವೆಲ್ಲ ಬರೆದಾಗಿದೆ, ನಿಜ. ನನಗೆ ಬೇಕಾಗಿದ್ದದ್ದು ಕೆತ್ತಿದವರು. ನಮ್ಮ ದೇಶದ ಹಳೆಯ ದೇವಸ್ಥಾನಗಳಲ್ಲಿ ಹೆಚ್ಚಿನ ಕಡೆ ಶಿಲ್ಪಿಯ ಹೆಸರೇ ಸಿಗುವುದಿಲ್ಲ. ಹೊಯ್ಸಳರ ಗುಡಿಗಳಲ್ಲಿ ಮೂರ್ತಿಯ ಕಾಲ ಕೆಳಗಿನ ಪೀಠದಲ್ಲೇ ಹೆಸರು ಕೊರೆದಿದ್ದಾರೆ, ಅದೂ ಕನ್ನಡದಲ್ಲಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನುಗ್ಗೇಹಳ್ಳಿಯಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ. ಸೋಮನಾಥಪುರದ ಹೊರಗೋಡೆಯಲ್ಲಿ 190ಕ್ಕೂ ಹೆಚ್ಚು ದೊಡ್ಡ ಮೂರ್ತಿಗಳಿವೆ, ಅದರಲ್ಲಿ ಸುಮಾರು 40ರ ಕೆಳಗೆ ಮಲ್ಲಿತಮ್ಮನ ಹೆಸರು. ಕೆಲವು ಕಡೆ ಪೂರ್ತಿ ಹೆಸರಿಲ್ಲ, "ಮಲ್ಲಿ" ಅಂತಲೋ ಬರೀ "ಮ" ಅಂತಲೋ ಇದೆ.

ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲೂ ಇದೆ. ಅದು 1196. ಹಾರನಹಳ್ಳಿಯಲ್ಲಿದೆ, 1230ರ ದಶಕ. ನುಗ್ಗೇಹಳ್ಳಿ 1246. ಸೋಮನಾಥಪುರ 1258, ಕೆಲವರ ಪ್ರಕಾರ 1268. ಲೆಕ್ಕ ಹಾಕಿ ನೋಡಿ, 60 ವರ್ಷಕ್ಕೂ ಮೇಲೆ! ಒಬ್ಬನೇ ಮನುಷ್ಯ ಎಳೆ ಹುಡುಗನಾಗಿ ಶುರುಮಾಡಿ ಮುದುಕನಾಗುವವರೆಗೂ ಕೆತ್ತಿದ ಅಂತ ಒಪ್ಪಿಕೊಂಡು ಬರೆದವರಿದ್ದಾರೆ. ಆಗಿರಲೂಬಹುದು. ಆದರೆ ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಮಾಮೂಲು. ಅಮೃತಾಪುರದ ಮಲ್ಲಿತಮ್ಮನ ಮೊಮ್ಮಗನೇ ಯಾಕೆ ಸೋಮನಾಥಪುರದ ಮಲ್ಲಿತಮ್ಮ ಆಗಿರಬಾರದು? ಇಲ್ಲದಿದ್ದರೆ, ಒಂದು ಗುಂಪಿನ ಯಜಮಾನನ ಹೆಸರನ್ನು ಅವನ ಕೈಕೆಳಗಿನವರೆಲ್ಲ ಹಾಕಿರಬಹುದಲ್ಲ? ನಮ್ಮ ಮನೆಯಲ್ಲೇ ಅಣ್ಣನಿಗೆ ತಾತನ ಹೆಸರು. ಗೈಡ್ ಮೇಡಂಗೆ ಇದನ್ನು ಹೇಳಿದಾಗ ಅವರು, "ಚೆನ್ನಾಗಿದೆ, ಆದರೆ ಇದು ಊಹೆ. ಕಲ್ಲಿನಲ್ಲಿ ತೋರಿಸು" ಅಂದರು.

ತೋರಿಸುವುದು ಹೇಗೆ? 19ನೇ ಶತಮಾನದಲ್ಲಿ ಇಟಲಿಯ ಜೊವಾನ್ನಿ ಮೊರೆಲ್ಲಿ ಒಂದು ದಾರಿ ಹಾಕಿಕೊಟ್ಟ. ಚಿತ್ರ ಯಾರದ್ದು ಅಂತ ಹೇಳಲು ಮುಖವನ್ನಲ್ಲ, ಕಿವಿ, ಉಗುರಿನಂಥ ಸಣ್ಣ ಭಾಗಗಳನ್ನು ನೋಡಬೇಕು. ಕಲಾವಿದ ಗಮನ ಕೊಡದೆ ಅಭ್ಯಾಸಬಲದಿಂದ ಮಾಡುವ ಜಾಗ ಅವು. ಹೊಯ್ಸಳ ಮೂರ್ತಿಗಳಲ್ಲಿ ಕಿವಿಯ ಮೇಲೆ ಅಷ್ಟು ದೊಡ್ಡ ಓಲೆ, ಕಿವಿಯಿಂದ ಏನೂ ಸಿಗುವುದಿಲ್ಲ. ಹಾಗಾಗಿ ನಾನು ಕಾಲ್ಬೆರಳು, ಮಂಡಿಯ ಮೇಲಿನ ಸರದ ಗಂಟು, ತಲೆಯ ಮೇಲಿನ ಎಲೆಬಳ್ಳಿಯ ತಿರುವು ಈ ಮೂರನ್ನು ಹಿಡಿದೆ. ಒಂದು ಗುಡಿಯಲ್ಲಿ ನೋಡಿಕೊಳ್ಳುತ್ತಿದ್ದ ಹಿರಿಯರು, "ಏನ್ ತಾಯಿ, ಎಲ್ರೂ ದೇವರ ಮುಖ ನೋಡಿದ್ರೆ ನೀನು ಬರೀ ಕಾಲೇ ನೋಡ್ತೀಯಲ್ಲ" ಅಂದರು. ವಿಷಯ ಹೇಳಿದ ಮೇಲೆ ಅವರೇ ಏಣಿ ತಂದುಕೊಟ್ಟು, ಯಾವ ಮೂಲೆಯಲ್ಲಿ ಅಕ್ಷರ ಇದೆ ಅಂತ ತೋರಿಸಿದರು. ಇಂಥವರ ಉಪಕಾರ ಇಲ್ಲದೆ ಫೀಲ್ಡ್‌ವರ್ಕ್ ಆಗುವುದೇ ಇಲ್ಲ.

ಕೆಲಸಕ್ಕೆ ಬರುವ ಕೆಲವು ವಿಷಯ ಹೇಳುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು, ವಿಭಾಗದಿಂದ ಪತ್ರ ಮಾಡಿಸಿಕೊಂಡು ಮುಂಚೆಯೇ ಅರ್ಜಿ ಹಾಕಿ. ಸವೆದ ಅಕ್ಷರ ಓದಲು ಟಾರ್ಚನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಅಕ್ಷರ ಏಳುತ್ತದೆ. ಉತ್ತರದ ಗೋಡೆಯ ಫೋಟೋ ಚಳಿಗಾಲದಲ್ಲಿ ಸಪ್ಪೆ ಬರುತ್ತದೆ. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಆಗ ಬೆಳಗಿನ ಓರೆ ಬಿಸಿಲು ಆ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮನ ಕೆಲಸ ಇರುವುದು ಉತ್ತರದ ಕಡೆ, ಬೈಚೋಜನದು ದಕ್ಷಿಣದ ಕಡೆ. ಇಬ್ಬರನ್ನೂ ಒಳ್ಳೆಯ ಬೆಳಕಿನಲ್ಲಿ ನೋಡಬೇಕಾದರೆ ವರ್ಷದಲ್ಲಿ ಬೇರೆ ಬೇರೆ ಕಾಲಕ್ಕೆ ಹೋಗಬೇಕು.

ಕನ್ನಡದವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ, ಅದನ್ನು ಒತ್ತಿ ಹೇಳಬೇಕು. ಕ್ಲಾಸಿನಲ್ಲಿ ಇಂಗ್ಲಿಷ್ ನೀರಿನ ಹಾಗೆ ಮಾತಾಡುವವರು ಇದ್ದರು, ಆದರೆ 13ನೇ ಶತಮಾನದ ಶಾಸನವನ್ನು ಮೂಲದಲ್ಲೇ ಓದಲು ಆಗುತ್ತಿದ್ದದ್ದು ನನಗೆ. ಹಳಗನ್ನಡ ಲಿಪಿ ಕಲಿಯುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ಶಾಸನಗಳನ್ನು ಒಟ್ಟು ಮಾಡಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಂತೂ ಬೇಕೇ ಬೇಕು. ಒಂದು ಎಚ್ಚರಿಕೆ: ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ, ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳೇ ಬೇರೆ. ಯಾವ ಆವೃತ್ತಿ ಅಂತ ಬರೆಯದಿದ್ದರೆ ಓದುವವರಿಗೆ ನಿಮ್ಮ ಶಾಸನ ಸಿಗುವುದೇ ಇಲ್ಲ. ಸೋಮನಾಥಪುರದ ಬಗ್ಗೆ ಆರ್. ನರಸಿಂಹಾಚಾರ್ ಅವರು ಮೈಸೂರು ಪುರಾತತ್ವ ಇಲಾಖೆಯಲ್ಲಿದ್ದಾಗ ಬರೆದದ್ದನ್ನು ಬಿಡಬೇಡಿ, ಸಹಿಗಳನ್ನು ಅವರು ಕೂತು ಎಣಿಸಿದ್ದಾರೆ.

ಬರವಣಿಗೆ ಇಂಗ್ಲಿಷಿನಲ್ಲೇ ಆಗಬೇಕಿತ್ತು. ನಾನು ಮೊದಲು ಗೋಡೆಯ ಮುಂದೆ ಕೂತು ಕನ್ನಡದಲ್ಲಿ ನೋಟ್ಸ್ ಮಾಡುತ್ತಿದ್ದೆ, ರಾತ್ರಿ ಅದನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯುತ್ತಿದ್ದೆ. ಡಬಲ್ ಕೆಲಸ, ಆದರೆ ಕಂಡದ್ದು ಕಳೆದುಹೋಗಲಿಲ್ಲ.

ಕೊನೆಗೆ ಏನು ಸಿಕ್ಕಿತು ಅಂದರೆ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನುವ ಒಂದೇ ಹೆಸರಿನ ಕೆಳಗೆ ನನ್ನ ಕಣ್ಣಿಗೆ ಕನಿಷ್ಠ ಎರಡು ಕೈ ಕಾಣುತ್ತವೆ. ಒಂದು ಕಡೆ ಕಾಲ್ಬೆರಳು ಉದ್ದ, ಬಳ್ಳಿಯ ಸುರುಳಿ ಬಿಗಿ. ಇನ್ನೊಂದು ಕಡೆ ಬೆರಳು ಮೊಂಡು, ಬಳ್ಳಿ ಸಡಿಲ. ಇದರಿಂದ ಇಬ್ಬರು ಮಲ್ಲಿತಮ್ಮರು ಇದ್ದರು ಅಂತ ಸಾಬೀತಾಗುವುದಿಲ್ಲ, ನಾನು ಹಾಗೆ ಬರೆಯಲೂ ಇಲ್ಲ. ಹೆಸರು ಇದ್ದ ಮಾತ್ರಕ್ಕೆ ಪೂರ್ತಿ ಮೂರ್ತಿ ಅವನ ಕೈಯದೇ ಅನ್ನಲಾಗದು ಅಂತ ಮಾತ್ರ ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಈ ವ್ಯತ್ಯಾಸ ಕೈಯದೋ, ಕಲ್ಲು ಸವೆದದ್ದೋ?" ಒಳ್ಳೆಯ ಪ್ರಶ್ನೆ. ಅದಕ್ಕೇ ಸೂರಿನ ಕೆಳಗೆ ಮಳೆ ತಾಗದ ಮೂರ್ತಿಗಳನ್ನಷ್ಟೇ ಹೋಲಿಸಿದ್ದೆ, ಪಟ್ಟಿ ತೆಗೆದು ತೋರಿಸಿದೆ. ಒಪ್ಪಿದರು.

ಕೆಲಸದ ಬಗ್ಗೆ: ಪಾಠ ಮಾಡಬೇಕಾದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ವಿಷುವಲ್ ಆರ್ಟ್ ವಿಷಯ ತೆಗೆದುಕೊಳ್ಳಿ, ಕಲಾ ಇತಿಹಾಸ ಅದರೊಳಗೇ ಬರುತ್ತದೆ. ಜೆ.ಆರ್.ಎಫ್. (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಪಿಎಚ್.ಡಿ.ಗೆ ದುಡ್ಡಿನ ಚಿಂತೆ ಕಡಿಮೆ. ಮ್ಯೂಸಿಯಂ, ಆರ್ಕೈವ್, ಗ್ಯಾಲರಿಗಳಲ್ಲೂ ಕೆಲಸ ಇದೆ, ಆದರೆ ಜಾಗ ಕಡಿಮೆ, ಸಂಬಳವೂ ಶುರುವಿನಲ್ಲಿ ಕಡಿಮೆಯೇ. ಮನೆಯವರಿಗೆ ಇದನ್ನು ಮೊದಲೇ ಹೇಳಿ ಹೊರಡಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಎಲ್ಲರೂ ಆ ಮೂರರ ಬಗ್ಗೆಯೇ ವಿಷಯ ಆರಿಸುತ್ತಿದ್ದಾರೆ. ಅಮೃತಾಪುರ, ಹಾರನಹಳ್ಳಿ, ಜಾವಗಲ್ ಇವುಗಳ ಹತ್ತಿರ ಯಾರೂ ಹೋಗುವುದಿಲ್ಲ, ನನಗೆ ಅದು ಬೇಜಾರು. ಮಲ್ಲಿತಮ್ಮ ಒಬ್ಬನೋ ಇಬ್ಬರೋ ಅನ್ನುವ ಪ್ರಶ್ನೆಗೆ ಅಮೃತಾಪುರದ ಮೂರ್ತಿಗಳನ್ನು ಸೋಮನಾಥಪುರದವುಗಳ ಪಕ್ಕ ಇಟ್ಟು ಒಂದೊಂದಾಗಿ ನೋಡಬೇಕು. ನನ್ನ ಡಿಸರ್ಟೇಶನ್‌ನಲ್ಲಿ ಅದಕ್ಕೆ ಜಾಗ ಆಗಲಿಲ್ಲ. ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ನನ್ನ ಫೋಟೋಗಳು, ಸಹಿಗಳ ಪಟ್ಟಿ, ಕನ್ನಡದ ನೋಟ್ಸ್ ಎಲ್ಲವನ್ನೂ ಕೊಡುತ್ತೇನೆ, ಕೇಳಿ.